ಕಿವಿರಿಲ್ಲದ ಮೀನು

ಜುಲೈ ತಿಂಗಳು. ಬೈತಖೋಲದಲ್ಲಿ ಬೋಟುಗಳೆಲ್ಲ
ಹಗ್ಗಕ್ಕೆ ಹಗ್ಗ ಬಿಗಿದುಕೊಂಡು, ಒಂದರ ಮೈಗೊಂದು ಆತು ನಿಂತಿವೆ
ಡಬ್ಬಿಯೊಳಗಿನ ತಾರ್ಲೆಗಳ ಹಾಗೆ.
ಈ ಹೋಲಿಕೆ ನನಗೆ ಹೊಳೆದದ್ದು ಆಮೇಲೆ, ತಿಂದಾದ ಮೇಲೆ.

ಐಸ್ ಫ್ಯಾಕ್ಟರಿಯಲ್ಲಿ ಐಸಿಲ್ಲ.
ಲೆಕ್ಕದ ಪುಸ್ತಕದಲ್ಲಿ ನಲವತ್ತು ದಿನದಿಂದ
ತಾರೀಖು ಬರೆಯುತ್ತೇನೆ, ಪಕ್ಕದಲ್ಲಿ ಒಂದು ಗೆರೆ ಎಳೆಯುತ್ತೇನೆ.
ಸಂಜೆ ಐದಕ್ಕೆ ಮೇಜಿನ ಖಾನೆ ಎಳೆದು
ಡಬ್ಬಿ ಹೊರಗಿಡುತ್ತೇನೆ.

ಮಡಗಾಂವದ ಅಂಗಡಿಯದು. ಅಂಗೈಯಗಲ.
ಉಂಗುರದಂಥ ಕೊಂಡಿಗೆ ತೋರುಬೆರಳು ತೂರಿಸಿ ಹಿಂದಕ್ಕೆಳೆದರೆ
ತಗಡು ಸಣ್ಣದೊಂದು ಉಸಿರು ಬಿಟ್ಟು
ಸುರುಳಿಯಾಗುತ್ತದೆ, ಬೆಳಗಿನ ಚಾಪೆಯ ಹಾಗೆ.
ಒಳಗೆ ಹಳದಿ ಎಣ್ಣೆಯಲ್ಲಿ ನಾಲ್ಕು ತಾರ್ಲೆ
ಮಗ್ಗುಲು ಬದಲಿಸಲೂ ಜಾಗವಿಲ್ಲದೆ ಮಲಗಿವೆ.

ನನ್ನ ಪದ್ಧತಿ ಇಷ್ಟೇ:
ಅರ್ಧ ಈರುಳ್ಳಿ, ಒಂದು ಹಸಿಮೆಣಸು, ಲಿಂಬೆಯ ನಾಲ್ಕು ಹನಿ,
ಬೆಳಿಗ್ಗೆ ಪೊದೇರನ ಸೈಕಲ್ಲಿನಿಂದ ಇಳಿದ ಪಾವ್ ಎರಡು.
ಸಂಜೆಗೆ ಅವು ತುಸು ಬಿರುಸಾಗಿರಬೇಕು, ಎಣ್ಣೆ ಕುಡಿಯಲು.
ತಟ್ಟೆ ಬೇಡ. ಹಳೇ ಬಿಲ್ಲಿನ ಹಾಳೆ ಸಾಕು.

ನಿನ್ನೆ ಮಳೆ ಜೋರಾಗಿ ಒಳಗೆ ಬಂದಳು
ಶೆವಂತಿ ತಾಂಡೇಲ.
ತಲೆಯ ಮೇಲೆ ಒಣಮೀನಿನ ಬುಟ್ಟಿ,
ಬುಟ್ಟಿಯ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ಒಂದು ಕೊಳ ನೀರು.
"ಎಂಥದು ಅದು?"
"ತಾರ್ಲೆ."
"ಯಾರ ಬಲೆಯದು, ಬಂದಿಯಲ್ಲಿ?"

ನಲವತ್ತು ವರ್ಷ ಮೀನು ಮಾರಿದ ಕೈ.
ಕಿವಿರು ಎತ್ತಿ ಕೆಂಪು ನೋಡದೆ,
ಕಣ್ಣಿನ ಹೊಳಪು ನೋಡದೆ
ಮಗಳ ಮನೆಯಲ್ಲೂ ಮೀನು ಮುಟ್ಟಿದವಳಲ್ಲ.
ಡಬ್ಬಿ ತಿರುಗಿಸಿದಳು, ಮುಚ್ಚಳ ಮೂಸಿದಳು,
ಬೆರಳ ತುದಿಯಲ್ಲಿ ಒಂದರ ಕುತ್ತಿಗೆ ಹುಡುಕಿದಳು.
"ತಲೆಯೇ ಇಲ್ಲ ಮಾರಾಯ.
ಸತ್ತು ಎಷ್ಟು ದಿನ ಆಯ್ತು ಅಂತ ಯಾರನ್ನು ಕೇಳಲಿ?"

ತಳದ ತಾರೀಖು ಓದಿ ಹೇಳಿದೆ.
ಎರಡು ವರ್ಷದ ಹಿಂದಿನದು. ಇನ್ನೂ ಒಂದು ವರ್ಷ ಬಾಳುತ್ತದೆ.

ಅವಳು ಸುಮ್ಮನಾದಳು.
ಹನ್ನೆರಡರೊಳಗೆ ಹೋಗದಿದ್ದರೆ ಅರ್ಧ ಬೆಲೆಗೆ,
ನಾಲ್ಕರೊಳಗೆ ಹೋಗದಿದ್ದರೆ ಕಾಗೆಗೆ,
ಹೀಗೆ ಬಿಸಿಲಿನ ಜೊತೆ ಓಡಿ ಓಡಿ ಹಿಮ್ಮಡಿ ಸವೆಸಿದವಳು
ಮೂರು ವರ್ಷ ಕೂತು ಕಾಯುವ ಮೀನನ್ನು
ಹೊಟ್ಟೆಕಿಚ್ಚಿನಿಂದಲೇ ನೋಡಿದಳು.

"ಕೊಡು. ತಿಂದು ಬೈಯುತ್ತೇನೆ."

ಪಾವಿನ ಮೇಲೆ ಒಂದನ್ನಿಟ್ಟು, ಈರುಳ್ಳಿ ಒತ್ತಿ ಕೊಟ್ಟೆ.
ನಾಲಿಗೆ ಅಭ್ಯಾಸದಂತೆ ಮುಳ್ಳು ಹುಡುಕಿತು.
ದವಡೆಯ ಮೂಲೆಗೆ ಸರಿಸಿ, ಎರಡು ಬೆರಳು ತುಟಿಯ ಹತ್ತಿರ ತಂದು
ಹಾಗೇ ನಿಂತಳು. ತೆಗೆಯಲು ಏನೂ ಇರಲಿಲ್ಲ.
ಬೆನ್ನೆಲುಬೇ ಬೆಂದು ಸೀಮೆಸುಣ್ಣದ ಪುಡಿಯಾಗಿತ್ತು.
"ಮುಳ್ಳಿಲ್ಲದ ತಾರ್ಲೆ ಅಂದರೆ
ಸುಳ್ಳಿಲ್ಲದ ವ್ಯಾಪಾರ ಇದ್ದ ಹಾಗೆ," ಅಂದಳು. "ನಂಬುವುದು ಹ್ಯಾಗೆ?"
ಆದರೂ ಉಳಿದರ್ಧ ಬಾಯಿಗೆ ಹೋಯಿತು.

ತಿರ್ಫಳ ಇಲ್ಲ, ಹುಳಿ ಇಲ್ಲ, ಕಾಯಿ ಅರೆದು ಹಾಕಿದ್ದಿಲ್ಲ.
ಎಲ್ಲಿಯದೋ ಎಣ್ಣೆ, ಎಲ್ಲಿಯದೋ ಉಪ್ಪು.
ನುಂಗಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ,
"ಇದು ನಮ್ಮದೇ ನೀರಿಂದು," ಅಂದಳು.
"ದೇವಗಡದ ಆಚೆ ಸಿಕ್ಕಿದ್ದು. ನಾಲಿಗೆ ಸುಳ್ಳು ಹೇಳೂದಿಲ್ಲ."
ಡಬ್ಬಿಯ ಮಗ್ಗುಲಲ್ಲಿ ಬೇರೆ ದೇಶದ ಹೆಸರಿತ್ತು.
ಅದೊಂದನ್ನು ನಾನು ಓದಿ ಹೇಳಲಿಲ್ಲ.

ಬೆಲೆ ಕೇಳಿದಳು. ಹೇಳಿದೆ.
"ಅಯ್ಯೋ ದೇವಾ! ಅಷ್ಟು ದುಡ್ಡಿಗೆ ಅಕ್ಟೋಬರದಲ್ಲಿ
ಬುಟ್ಟಿ ತುಂಬ ಕೊಡ್ತೇನೆ, ಮೇಲೆ ನಾಲ್ಕು ಕೊಸರು!"

ಮಳೆ ನಿಂತಿತ್ತು. ಅವಳು ಏಳಲಿಲ್ಲ.
ಪಾವಿನ ಕೊನೇ ತುಂಡಿನಿಂದ
ಡಬ್ಬಿಯ ನಾಲ್ಕು ಮೂಲೆಯನ್ನೂ ಒರೆಸಿ ಒರೆಸಿ
ತಗಡಿನಲ್ಲಿ ತನ್ನ ಮೂಗುತಿ ಕಾಣುವವರೆಗೆ ತಿಂದು,
ಬುಟ್ಟಿಯ ಕಡೆ ನೋಡುತ್ತ, ನನ್ನ ಕಡೆ ನೋಡದೆ,
"ಖಾನೆಯಲ್ಲಿ ಇನ್ನೊಂದು ಉಂಟಾ?" ಅಂದಳು.

ಇತ್ತು.
ಬೋಟು ಇಳಿಯಲು ಇನ್ನೂ ಇಪ್ಪತ್ತು ದಿನವೂ ಇತ್ತು.